ಲಾನಿನ ಹುಳಕ್ಕೆ ಡಂಗುರ

ಚಂದ್ರವಳ್ಳಿ ಕಡೆಗೆ ಹೋಗುವ ರಸ್ತೆಯ ಹೊಸ ಬಡಾವಣೆಯಲ್ಲಿ ನಮ್ಮ ಮನೆ. ಮನೆಯ ಮುಂದೆ ನಾಲ್ಕು ಚಾಪೆ ಹಾಸುವಷ್ಟು ಜಾಗ. ಅಲ್ಲಿ ಬೆಳೆದಿರುವುದನ್ನು ನನ್ನ ಗಂಡ ಲಕ್ಷ್ಮೀಕಾಂತ್ ಲಾನ್ ಅನ್ನುತ್ತಾರೆ. ನಾನೂ ಹಾಗೇ ಅನ್ನಬೇಕು. ಹುಲ್ಲು ಅಂದರೆ ಆ ಹೊತ್ತಿನ ಊಟಕ್ಕೆ ಮುಖ ಊದಿಸಿಕೊಂಡು ಕೂರುತ್ತಾರೆ.

ಇವರ ಕಚೇರಿಯ ಮೇಲಧಿಕಾರಿ ಮುರುಗೇಶ್ ಸಾಹೇಬರು ನಮ್ಮ ಹಿಂದಿನ ಬೀದಿಯಲ್ಲಿ ಮನೆ ಕಟ್ಟಿಸಿ ಲಾನ್ ಹಾಕಿಸಿದರು. ಮರುವರ್ಷ ನಮ್ಮ ಮನೆಯ ಮುಂದೆಯೂ ಲಾನ್ ಬಂತು. ಸಾಹೇಬರು ಹಲ್ಲು ಕೀಳಿಸಿ ಹೊಸದು ಕಟ್ಟಿಸಿಕೊಂಡಿದ್ದರೆ ಇವರೂ ಗಟ್ಟಿ ಹಲ್ಲುಗಳನ್ನು ಕೀಳಿಸಿಕೊಂಡು ಬರುತ್ತಿದ್ದರೇನೋ. ಹೆಂಡತಿಯಾದವಳು ಇಂಥ ಮಾತು ಆಡಬಾರದು ಅಂತ ನನಗೂ ಗೊತ್ತು. ಆದರೆ ಎಷ್ಟು ಸಲ ತಿರುಗಿಸಿ ನೋಡಿದರೂ ಈ ಮಾತಿನಲ್ಲಿ ನನಗೆ ಸುಳ್ಳು ಸಿಕ್ಕಿಲ್ಲ.

ನಲ್ಲಿಯಲ್ಲಿ ವಾರಕ್ಕೊಂದು ಸಲ ನೀರು ಬರುವ ಊರಿನಲ್ಲಿ ಸಂಪಿನ ಅರ್ಧ ನೀರು ಲಾನಿಗೆ ಹೋಗುತ್ತದೆ. ಅದರ ಮೇಲೆ ನಾವು ಕೂರುವಂತಿಲ್ಲ, ನಡೆಯುವಂತಿಲ್ಲ, ಸಂಡಿಗೆ ಒಣಗಿಸುವಂತಿಲ್ಲ. ಧರ್ಮಪುರದ ಕಡೆಯ ಹಳ್ಳಿಯಲ್ಲಿ ಹುಟ್ಟಿದಾಗಿನಿಂದ ಶೇಂಗಾ ಹೊಲದಲ್ಲೇ ಬದುಕಿದ ನಮ್ಮ ಅತ್ತೆ ಏಕಾಂತಮ್ಮ ನಮ್ಮ ಜೊತೆ ಇರಲು ಬಂದು ಅದನ್ನು ಮೊದಲ ಸಲ ಕಂಡಾಗ ಬಾಗಿಲಲ್ಲೇ ನಿಂತರು.

"ಲೇ ಲಕ್ಷ್ಮೀಕಾಂತ, ಯಾವ ದನಕ್ಕೋ ಇದು?"

"ದನಕ್ಕಲ್ಲ ಅವ್ವ. ಇದು ಸುಮ್ನೆ ನೋಡಾಕೆ."

ಅತ್ತೆ ಹುಲ್ಲನ್ನು ನೋಡಿದರು. ಆಮೇಲೆ ಮಗನನ್ನು ಮೇಲಿಂದ ಕೆಳಗೆ ನೋಡಿದರು. "ಸುಮ್ನೆ ನೋಡಾಕೆ ಮನೇಲಿ ನೀನಿದ್ಯಲ್ಲಪ್ಪ. ಇದೂ ಬೇಕಿತ್ತಾ?"

ಲಾನನ್ನು ಗೌರವಿಸದ ಇನ್ನೊಂದು ಜೀವ ಪಕ್ಕದ ಮನೆಯ ಟಗರು. ಬಷೀರುನ್ನೀಸಾ ಪ್ರತಿ ವರ್ಷ ಬಕ್ರೀದಿಗೆಂದು ಒಂದು ಮರಿ ಸಾಕುತ್ತಾಳೆ. ಅವಳ ಗಂಡ ವೆಲ್ಡಿಂಗ್ ಅಂಗಡಿಯಿಂದ ಬರುವುದು ತಡ. ಹಾಗಾಗಿ ಸಂಜೆ ಟಗರನ್ನು ತಿರುಗಾಡಿಸುವುದು ಅವಳದೇ ಕೆಲಸ. ಹಗ್ಗವನ್ನು ಹೆಗಲ ಮೇಲೆ ಹಾಕಿಕೊಂಡು ಫೋನಿನಲ್ಲಿ ತಂಗಿಯ ಜೊತೆ ಮಾತಾಡುತ್ತ ಬರುತ್ತಾಳೆ. ನಮ್ಮ ಗೇಟಿನ ಚಿಲಕ ಸರಿಯಾಗಿ ಕೂರುವುದಿಲ್ಲ. ಟಗರು ಕೊಂಬಿನಿಂದ ಗೇಟು ದೂಡಿ ಎರಡು ಬಾಯಿ ಮೇಯ್ದೇ ಮುಂದೆ ಹೋಗುತ್ತದೆ.

"ಏನ್ರೀ ಇದು? ಲಾನ್ ಕಣ್ರೀ ಇದು, ಲಾನ್!" ಅಂತ ಇವರು ಒಂದು ದಿನ ಕೂಗಾಡಿದ್ದರು.

"ಅದುಕ್ಕೆ ಗೊತ್ತಾಗಿಲ್ಲ ಸಾರ್. ಹುಲ್ಲು ಅಂದ್ಕೊಂಬಿಟ್ಟೈತೆ," ಅಂದಿದ್ದಳು ಬಷೀರುನ್ನೀಸಾ.

ಈ ವರ್ಷ ಮುಂಗಾರಿನ ಮೊದಲ ಮಳೆ ಬಿದ್ದು ಸ್ವಲ್ಪ ದಿನಕ್ಕೆ ಲಾನಿನಲ್ಲಿ ಅಲ್ಲಲ್ಲಿ ಕಂದು ಬಣ್ಣ ಕಾಣಿಸಿತು. ಇವರು ಯೂರಿಯಾ ಹಾಕಿದರು. ಕಂದು ಇನ್ನೂ ಹರಡಿತು. ಬೆಳಿಗ್ಗೆ ಗೊರವಂಕ ಹಕ್ಕಿಗಳು ಗುಂಪಾಗಿ ಬಂದು ಹುಲ್ಲಿನ ಬುಡ ಕುಕ್ಕತೊಡಗಿದವು. ಹುಲ್ಲು ಹಾಳಾಗುತ್ತಿರುವುದು ಹಕ್ಕಿಗಳಿಂದಲೇ ಅಂತ ತೀರ್ಮಾನಿಸಿ, ಹೊಲದಲ್ಲಿ ಕಟ್ಟುವ ಮಿಂಚುವ ರಿಬ್ಬನ್ ತಂದು ಕಟ್ಟಿದರು. ಹಕ್ಕಿಗಳು ಬರುವುದು ನಿಂತಿತು. ಅದಾಗಿ ಮೂರು ದಿನಕ್ಕೆ ಲಾನ್ ಅರ್ಧ ಬೋಳು.

ನಾನು ಬಟ್ಟೆ ಒಗೆದ ನೀರನ್ನು ಚರಂಡಿಗೆ ಚೆಲ್ಲಲು ಮನಸ್ಸಾಗದೆ ಆ ಕಂದು ಜಾಗಕ್ಕೆ ಸುರಿದೆ. ಸ್ವಲ್ಪ ಹೊತ್ತಿಗೆ ನೆಲವೇ ಅಲ್ಲಾಡಿದಂತಾಯಿತು. ಬೆನ್ನ ಮೇಲೆ ಗೆರೆಯಿದ್ದ ಹಸಿರು, ಕಂದು ಹುಳಗಳು ಸೋಪಿನ ನೀರು ತಾಳಲಾರದೆ ಬುಡದಿಂದ ಒಂದೊಂದಾಗಿ ಮೇಲೆ ಬಂದವು.

ಇವರು ನೋಡಿ, "ನಿನ್ನ ಸೋಪಿನ ನೀರಿಂದಾನೇ ಹುಳ ಆಗಿದ್ದು," ಅಂದರು.

"ಹಂಗಾದ್ರೆ ನಿನ್ನ ಅಂಗಿ ತುಂಬ ಹುಳ ಇರ್ಬೇಕಿತ್ತಲ್ಲೋ," ಅಂದರು ಅತ್ತೆ. ನನ್ನ ಬಾಯಿಗೂ ಅದೇ ಮಾತು ಬಂದಿತ್ತು. ನಾನು ನುಂಗಿಕೊಂಡಿದ್ದೆ.

ಅತ್ತೆ ಕುಕ್ಕರಗಾಲಲ್ಲಿ ಕುಳಿತು ಒಂದು ಹುಳವನ್ನು ಎತ್ತಿ ಅಂಗೈಯಲ್ಲಿ ಹೊರಳಿಸಿದರು. "ಹಗಲೊತ್ತು ಬುಡದಾಗೆ ಮಲಗ್ತವೆ, ಕತ್ತಲಾಗ್ತಾನೆ ಮೇಯಾಕೆ ಏಳ್ತವೆ. ನಮ್ಮ ಹೊಲಕ್ಕೂ ಬೀಳ್ತವೆ ಇಂಥವು. ತೌಡಿಗೆ ಬೆಲ್ಲದ ನೀರು, ಔಷಧಿ ಕಲಸಿ ಸಂಜೆ ಚೆಲ್ಲಿದ್ರೆ ವಾಸನೆಗೆ ಬಂದು ತಿಂದು ಸಾಯ್ತವೆ."

ಅಷ್ಟು ಸಣ್ಣ ಜಾಗಕ್ಕೆ ವಿಷ ಯಾಕೆ, ರಿಬ್ಬನ್ ಬಿಚ್ಚಿದರೆ ಹಕ್ಕಿಗಳೇ ತಿನ್ನುತ್ತವೆ, ಉಳಿದದ್ದನ್ನು ಸಂಜೆ ಬ್ಯಾಟರಿ ಹಿಡಿದು ಸೋಪಿನ ನೀರಿನ ಬಕೆಟ್ಟಿಗೆ ಆರಿಸಿ ಹಾಕಿದರಾಯಿತು ಅಂದೆ. ಇದು ನನ್ನ ಅಂದಾಜು ಅಷ್ಟೇ, ತಪ್ಪಿದ್ದರೂ ಇರಬಹುದು ಅಂತಲೂ ಸೇರಿಸಿದೆ. ಹಾಗೆ ಸೇರಿಸದಿದ್ದರೆ ನನಗೆ ಮಾತು ಮುಗಿದ ಹಾಗೇ ಅನ್ನಿಸುವುದಿಲ್ಲ.

"ನಾನು ಬ್ಯಾಟರಿ ಹಿಡ್ಕೊಂಡು ಹುಳ ಆರಿಸ್ತಾ ಕೂತಿರ್ಬೇಕಾ? ಅದೂ ಸಾಹೇಬ್ರು ವಾಕಿಂಗ್ ಬರೋ ಹೊತ್ತಲ್ಲಿ?" ಅಂದರು ಇವರು. "ಭಾನುವಾರ ಅವರು ಲಾನಲ್ಲಿ ಕಾಫಿ ಕುಡಿಯಾಕೆ ಬರ್ತಾರೆ. ಅಷ್ಟರೊಳಗೆ ಒಂದು ಹುಳನೂ ಇರಕೂಡ್ದು."

ಶುಕ್ರವಾರ ಮಧ್ಯಾಹ್ನ ಗೊಬ್ಬರದ ಅಂಗಡಿಯಿಂದ ಔಷಧಿ ಬಂತು, ತೌಡೂ ಬಂತು. ಅತ್ತೆ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಕಲಸಿದರು. ನಾನು ಸಂಜೆ ಕಾಲೇಜಿನಲ್ಲಿ ಓದಿ ಪಾಸಾದವಳು. ಹೆಚ್ಚು ತಿಳಿಯದಿದ್ದರೂ ಕೊಟ್ಟ ಕಾಗದವನ್ನು ಪೂರ್ತಿ ಓದುವ ಅಭ್ಯಾಸವಿದೆ. ಬಾಟಲಿಯ ಜೊತೆ ಬಂದ ಚೀಟಿಯನ್ನು ಎರಡು ಸಲ ಓದಿದೆ. ಸಾಕುಪ್ರಾಣಿಗಳನ್ನು ಹತ್ತಿರ ಬಿಡಬಾರದು ಅಂತ ಅದರಲ್ಲಿ ಇತ್ತು.

ಅತ್ತೆ ಬಕೆಟ್ ಎತ್ತಿಕೊಂಡು, "ಡಂಗುರ ಯಾರು ಹೊಡೀತಾರೆ?" ಅಂದರು.

"ಯಾವ ಡಂಗುರ?"

"ಊರಾಗೆ ವಿಷದ ತೌಡು ಚೆಲ್ಲಾ ಮೊದ್ಲು ತಳವಾರ ತಮಟೆ ಹೊಡ್ಕೊಂಡು ಹೋಗ್ತಾನೆ. ಇಂಥೋರ ಹೊಲಕ್ಕೆ ಹುಳ ಬಿದ್ದೈತೆ, ವಿಷ ಹಾಕ್ತಾರೆ, ದನ ಕುರಿ ಕೋಳಿ ಕಟ್ಕಳ್ರಪ್ಪೋ ಅಂತ."

ಇವರು ಬಿದ್ದುಹೋಗುವವರ ಹಾಗೆ ಕುರ್ಚಿ ಹಿಡಿದುಕೊಂಡರು. "ನಮ್ಮ ಲಾನಿಗೆ ಹುಳ ಬಿದ್ದೈತೆ ಅಂತ ಬೀದಿಗೆಲ್ಲ ಸಾರ್ಬೇಕಾ? ಸಾಹೇಬ್ರ ಕಿವಿಗೆ ಬಿದ್ರೆ?"

"ಪಕ್ಕದ ಮನೆಗಾದ್ರೂ ಹೇಳಾಣ," ಅಂದೆ ನಾನು. "ಹಬ್ಬ ಹತ್ರ ಐತೆ. ಆ ಟಗರು ದಿನಾ ನಮ್ಮ ಗೇಟಿಗೆ ಬರ್ತೈತೆ."

"ಆಯಮ್ಮಂಗೆ ಹೇಳೋದೂ ಒಂದೇ, ಪೇಪರಲ್ಲಿ ಹಾಕ್ಸೋದೂ ಒಂದೇ. ಗೇಟಿಗೆ ದಾರ ಕಟ್ತೀನಿ ಬಿಡು."

"ಹೇಳದಂಗೆ ವಿಷ ಹಾಕಾದು ಕಳ್ಳರ ಕೆಲಸ ಕಣಲೇ," ಅಂದರು ಅತ್ತೆ. ಹಾಗೆ ಅಂದವರೇ ಸೆರಗು ಸಿಕ್ಕಿಸಿಕೊಂಡು ಹೋಗಿ, ಹೊಲದಲ್ಲಿ ಬೀಜ ಚೆಲ್ಲುವ ಠೀವಿಯಲ್ಲಿ ತೌಡು ಚೆಲ್ಲಿ ಬಂದರು. ಮಗನ ಮನೆಯಲ್ಲಿ ತಮ್ಮ ವಿದ್ಯೆಗೆ ಮೊದಲ ಸಲ ಬೆಲೆ ಬಂದಿತ್ತು. ಅದನ್ನು ಬಿಟ್ಟುಕೊಡಲು ಅವರಿಗೂ ಮನಸ್ಸಿರಲಿಲ್ಲ.

ಇವರು ಗೇಟಿಗೆ ಕಟ್ಟಿದ್ದು ಸ್ವೀಟಿನ ಡಬ್ಬಿಯ ದಾರ.

ನಾನು ಅಡಿಗೆಮನೆಯ ಕಿಟಕಿಯಲ್ಲಿ ನಿಂತೆ. ಬೆಲ್ಲದ ವಾಸನೆ ನನಗೇ ಬರುತ್ತಿತ್ತು, ಟಗರಿಗೆ ಬರದೇ ಇರುತ್ತದೆಯೇ? ಇವತ್ತು ಅದು ಬರಲಿಕ್ಕಿಲ್ಲ ಅಂದುಕೊಂಡೆ. ನಾನು ಎಲ್ಲವನ್ನೂ ದೊಡ್ಡದು ಮಾಡುತ್ತೇನೆ ಅಂತ ಇವರು ಅನ್ನುವುದು ನಿಜವಿರಬಹುದು ಅಂತಲೂ ಅಂದುಕೊಂಡೆ. ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಟಗರು ಕಾಣಿಸಿತು. ಹಿಂದೆ ಬಷೀರುನ್ನೀಸಾ, ಹೆಗಲ ಮೇಲೆ ಹಗ್ಗ, ಕಿವಿಯಲ್ಲಿ ಫೋನು. ಟಗರು ಮೂಗೆತ್ತಿ ಗಾಳಿ ಹಿಡಿಯಿತು, ಆಮೇಲೆ ಹೆಜ್ಜೆ ಜೋರು ಮಾಡಿತು.

"ಬಷೀರಮ್ಮ" ಅಂತ ಕೂಗಿದೆ. ನನ್ನ ಕೂಗು ಕಿಟಕಿಯ ಸರಳನ್ನೂ ದಾಟಲಿಲ್ಲ. ಜೋರಾಗಿ ಕೂಗಿ ನನಗೆ ಅಭ್ಯಾಸವೇ ಇಲ್ಲ. ತೊಳೆದಿಟ್ಟ ಸ್ಟೀಲಿನ ತಟ್ಟೆ, ಸೌಟು ಕೈಗೆ ಸಿಕ್ಕವು. ಹಿಡಿದುಕೊಂಡು ಬೀದಿಗೆ ಓಡಿದೆ.

ಮೊದಲ ಏಟಿಗೆ ಟಗರು ಗಕ್ಕನೆ ನಿಂತಿತು. ಎರಡನೆಯದಕ್ಕೆ ಹಿಂದೆ ಸರಿಯಿತು. ಆಮೇಲೆ ನನ್ನ ಬಾಯಿ ತಾನಾಗಿ ತೆರೆದುಕೊಂಡಿತು.

"ನಮ್ಮ ಮನೆ ಲಾನಿಗೆ ಹುಳ ಬಿದ್ದೈತೆ! ವಿಷ ಹಾಕೀವಿ! ಕುರಿ, ಕೋಳಿ, ನಾಯಿ ಎಲ್ಲ ಕಟ್ಕಳ್ರೀ!"

ಬೀದಿಯ ತುದಿಯವರೆಗೂ ಹೋಗಿ ಬಂದೆ. ಬಾಗಿಲುಗಳು ತೆರೆದವು. ಇವರು ಲುಂಗಿಯಲ್ಲೇ ಓಡಿಬಂದು, "ಹುಚ್ಚು ಹಿಡೀತೇನೇ ನಿಂಗೆ?" ಅಂದರು.

ಬಷೀರುನ್ನೀಸಾ ಟಗರಿನ ದವಡೆ ಹಿಡಿದು ಬಾಯಿ ಬಿಡಿಸಿ ನೋಡಿದಳು. ತೌಡಿನ ಗುರುತಿರಲಿಲ್ಲ. ಆಮೇಲೆ ಇವರ ಕಡೆ ತಿರುಗಿದಳು.

"ಹುಳಕ್ಕೆ ಬೆಲ್ಲ ಇಟ್ಟು ಕರೀತೀರಿ ಸಾರ್, ಪಕ್ಕದ ಮನೆಯೋರಿಗೆ ಒಂದು ಬಾಯಿಮಾತು ಇಲ್ಲ. ಬ್ಯಾಡ ಬಿಡ್ರಿ. ನಾಳೆಯಿಂದ ಇದನ್ನ ಹಿಂದಿನ ಬೀದಿಯಾಗೆ ತಿರುಗಾಡಿಸ್ತೀನಿ."

ಅಷ್ಟರಲ್ಲಿ ವಾಕಿಂಗ್ ಬೂಟು ಹಾಕಿಕೊಂಡು ಮುರುಗೇಶ್ ಸಾಹೇಬರೇ ಬಂದು ನಿಂತರು. ಇವರ ಮುಖದಲ್ಲಿ ರಕ್ತವಿರಲಿಲ್ಲ. "ಏನಿಲ್ಲ ಸಾರ್, ಹೆಂಗಸ್ರು, ಸುಮ್ನೆ..." ಅಂತ ತೊದಲಿದರು. ಸಾಹೇಬರು ಆಚೀಚೆ ನೋಡಿ, ಹತ್ತಿರ ಬಂದು, ದನಿ ತಗ್ಗಿಸಿದರು.

"ನಿಮ್ಮ ಲಾನಿಗೂ ಬಿತ್ತೇನ್ರೀ ಲಕ್ಷ್ಮೀಕಾಂತ್?"

ಬಡ್ತಿಯ ಆದೇಶ ಬಂದ ದಿನವೂ ಇವರ ಮುಖ ಅಷ್ಟು ಅರಳಿರಲಿಲ್ಲ. ಸಾಹೇಬರಿಗೆ ಬಿದ್ದ ಹುಳವೇ ತಮಗೂ ಬಿದ್ದಿದೆ! "ಹೌದು ಸಾರ್! ನಾನೇ ಡಂಗುರ ಹೊಡ್ಸಿದೆ ಸಾರ್, ಸಾರ್ವಜನಿಕರ ಹಿತದೃಷ್ಟಿಯಿಂದ," ಅಂದರು. ಬಷೀರುನ್ನೀಸಾ ಅವರ ಲುಂಗಿಯನ್ನೂ ನನ್ನ ಕೈಯ ತಟ್ಟೆಯನ್ನೂ ನೋಡಿ ಮೂಗಿನಲ್ಲೇ ನಕ್ಕು ಟಗರನ್ನು ಎಳೆದುಕೊಂಡು ಹೋದಳು.

ಸಾಹೇಬರು ಬಗ್ಗಿ ಲಾನಿನಿಂದ ಒಂದು ಚಿಟಿಕೆ ತೌಡು ಎತ್ತಿ ಮೂಗಿನ ಹತ್ತಿರ ಒಯ್ದರು.

"ಏಯ್, ಮೂಸಬ್ಯಾಡ್ರಪ್ಪೋ!" ಅತ್ತೆ ಬಾಗಿಲಿಂದ ಕಿರುಚಿದರು. ಆಮೇಲೆ ನನ್ನ ಕಡೆ ತಿರುಗಿ, "ಕುರಿಗಾದ್ರೂ ಹಗ್ಗ ಐತೆ. ಇಂಥೋರನ್ನ ಯಾವುದ್ರಾಗೆ ಕಟ್ಟಾದು?" ಅಂದರು.

ಸಾಹೇಬರು ಕೈ ತೊಳೆದುಕೊಂಡು, ನಾಳೆ ಸಂಜೆ ತಮ್ಮ ಲಾನಿಗೂ ಹಾಗೇ ಚೆಲ್ಲಿಕೊಡಬೇಕೆಂದು ಅತ್ತೆಯನ್ನು ಕೇಳಿದರು. "ಆದ್ರೆ ಈ ತಟ್ಟೆಗಿಟ್ಟೆ ಬೇಡಮ್ಮ. ನಮ್ಮ ಬೀದೀಲಿ ಎಲ್ಲ ಒಳ್ಳೊಳ್ಳೆ ಜನ ಇದಾರೆ."

"ಛೆ ಛೆ, ಗುಟ್ಟಾಗೇ ಮಾಡಾಣ ಸಾರ್," ಅಂದರು ಇವರು.

ಬೆಳಿಗ್ಗೆ ಹುಳಗಳು ಹುಲ್ಲಿನ ಮೇಲೆ ಸತ್ತು ಬಿದ್ದಿದ್ದವು. ಹಕ್ಕಿಗಳ ಬಾಯಿಗೆ ಸಿಗಬಾರದೆಂದು ಬೆಳಕು ಹರಿಯುವ ಮೊದಲೇ ಉಳಿದ ತೌಡಿನ ಸಮೇತ ಗುಡಿಸಿ, ಹಿತ್ತಲಲ್ಲಿ ಗುಂಡಿ ತೆಗೆದು ಮುಚ್ಚಿದೆ. ಇವರು ಹಲ್ಲುಜ್ಜುತ್ತ ಬಂದು ಬೋಳು ಲಾನನ್ನು ನೋಡಿ, "ಸಕ್ಸಸ್!" ಅಂದರು.

ಸಂಜೆ ಅತ್ತೆ ಮುಂದೆ, ಬಕೆಟ್ ಹೊತ್ತ ಇವರು ಹಿಂದೆ. ಕಚೇರಿಯಲ್ಲಿ ಒಂದು ಫೈಲು ಎತ್ತಿಡಲು ಜವಾನನನ್ನು ಕರೆಯುವವರು ಸಾಹೇಬರ ಗೇಟಿನಲ್ಲಿ ತೌಡಿನ ಬಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ನನ್ನನ್ನು ಯಾರೂ ಕರೆದಿರಲಿಲ್ಲ. ನಾನೂ ಹೋದೆ. ಗೇಟಿನ ಸರಳುಗಳ ನಡುವೆ ಟಗರಿನ ತಲೆ ತೂರುವಷ್ಟು ಜಾಗವಿತ್ತು. ಎದುರು ಮನೆಯ ಕೋಳಿಗಳು ಕಾಂಪೌಂಡಿನ ಬುಡದಲ್ಲೇ ಕೆದಕುತ್ತಿದ್ದವು. ಅತ್ತೆ ಚೆಲ್ಲಿ ಮುಗಿಸುವ ಹೊತ್ತಿಗೆ ತಿರುವಿನಲ್ಲಿ ಬಷೀರುನ್ನೀಸಾ ಕಾಣಿಸಿದಳು. ನಮ್ಮ ಬೀದಿ ಬೇಡವೆಂದು ಈ ಬೀದಿಗೆ ಬಂದಿದ್ದಳು. ಟಗರು ಆಗಲೇ ಮೂಗೆತ್ತಿತ್ತು.

ಸೆರಗಿನೊಳಗಿದ್ದ ತಟ್ಟೆ, ಸೌಟು ತೆಗೆದೆ.

"ಯಶೋಧಾ, ಬೇಡ." ಇವರು ಪಿಸುಗುಟ್ಟಿದರು. "ನಿನ್ನ ಕಾಲಿಗೆ ಬೀಳ್ತೀನಿ. ನನ್ನ ಸರ್ವಿಸ್ಸು ನೋಡು. ಅವಳೊಬ್ಬಳಿಗೆ ಬೇಕಾದ್ರೆ ಮೆಲ್ಲಗೆ ಹೇಳು ಹೋಗು."

ಮೆಲ್ಲಗೆ ಹೇಳಬಹುದಿತ್ತು. ಅದನ್ನೂ ಯೋಚಿಸಿದೆ. ಆದರೆ ಆ ಕೋಳಿಗಳು ಯಾರವೆಂದು ನನಗೆ ಗೊತ್ತಿರಲಿಲ್ಲ. ಇನ್ನೂ ಯಾವ ಮನೆಯಲ್ಲಿ ಏನು ಸಾಕಿದ್ದಾರೋ ಅದೂ ಗೊತ್ತಿರಲಿಲ್ಲ. ಸೌಟು ಎತ್ತಿ ತಟ್ಟೆಗೆ ಹೊಡೆದೆ.

"ಮುರುಗೇಶ್ ಸಾಹೇಬ್ರ ಮನೆ ಲಾನಿಗೆ ಹುಳ ಬಿದ್ದೈತೆ! ವಿಷ ಹಾಕವ್ರೆ! ಕುರಿ, ಕೋಳಿ ಕಟ್ಕಳ್ರೀ!"

ಸಾಹೇಬರ ವರಾಂಡದ ದೀಪ ತಟ್ಟನೆ ಆರಿತು. ಇವರು ಬಕೆಟ್ ಅಲ್ಲೇ ಬಿಟ್ಟು ಕಾಂಪೌಂಡಿನ ಮರೆಗೆ ಕುಕ್ಕರಿಸಿದರು. ಎದುರು ಮನೆಯ ಹೆಂಗಸು ಬಂದು ಕೋಳಿಗಳನ್ನು ಅಟ್ಟಿಕೊಂಡು ಹೋದಳು. ಬಷೀರುನ್ನೀಸಾ ಟಗರಿನ ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿ ನಡುಬೀದಿಯಲ್ಲಿ ನಿಂತಳು.

"ಯಶೋಧಕ್ಕಾ," ಅಂತ ಅಲ್ಲಿಂದಲೇ ಕೂಗಿದಳು, "ಸುಮ್ನೆ ನೋಡಾಕೆ ಹುಲ್ಲು ಬೆಳೆಸದೇ ಇರೋ ಮರ್ಯಾದಸ್ಥರ ಬೀದಿ ಈ ಊರಾಗೆ ಯಾವುದಾನ ಉಳಿದೈತಾ? ಅದನ್ನೂ ಸಾರಿಬಿಡ್ರಿ, ಅತ್ತಾಗೆ ಹೋಗ್ತೀನಿ."