ಮೂವತ್ತೆರಡನೆಯ ತಂತಿ

ಅಷ್ಟು ದೊಡ್ಡ ಗಾಳಿ ಅಕ್ಕನ ಮನೆಯಿಂದ ಕಿತ್ತದ್ದು ಒಂದೇ ಒಂದು ಹೆಂಚು. ಅದು ಬಾಗಿಲ ಮುಂದೆ ನಿಂತಿದ್ದ ಭಾವನ ತಲೆಯ ಮೇಲೇ ಬಿತ್ತು. ಇಪ್ಪತ್ತು ದಿನ ಕಳೆದು, ಆ ಕಂಡಿ ಮುಚ್ಚಲು ತಮ್ಮ ಏಣಿ ಹೊತ್ತು ಬಂದ. ಹೋದ ವರ್ಷ ಈ ಚಾವಣಿಗೆ ಹೆಂಚು ಹೊದಿಸಿದವನೂ ಅವನೇ.

ಗಾಳಿ ಮೊದಲು ಕೈ ಹಾಕುವುದು ಅಂಚಿಗೆ. ಅದಕ್ಕೇ ಅಂಚಿನ ಸಾಲಿನ ಒಂದೊಂದು ಹೆಂಚಿನ ತೂತಿಗೂ ತಂತಿ ಪೋಣಿಸಿ, ಕೆಳಗಿನ ಮರದ ಪಟ್ಟಿಗೆ ಬಿಗಿಯಬೇಕು. ಹೆಂಚೆಷ್ಟೋ ಅಷ್ಟೇ ತಂತಿ ಕತ್ತರಿಸಿಟ್ಟುಕೊಳ್ಳುವುದು ಅವನ ಪದ್ಧತಿ. ಒಂದು ಉಳಿಯಿತೆಂದರೆ ಎಲ್ಲೋ ಒಂದು ಹೆಂಚು ಬಿಟ್ಟುಹೋಗಿದೆ. ಅವತ್ತು ಮೂವತ್ತೆರಡು ತಂತಿ ಕತ್ತರಿಸಿಕೊಟ್ಟವಳು ಅಕ್ಕ. ಬಾಗಿಲ ಮೇಲಿನ ಮೂಲೆಯ ಕೊನೆಯ ಹೆಂಚಿಗೆ ಬರುವಷ್ಟರಲ್ಲಿ ಭಾವ ಅಂಗಳದಿಂದ ಕೂಗಿದ್ದ:

"ಏನೋ, ಮನೆ ಕಟ್ತಿದ್ದೀಯೋ, ಮದುಮಗಳಿಗೆ ಜಡೆ ಹೆಣೀತಿದ್ದೀಯೋ? ಇಳಿಯೋ ಮಾರಾಯ, ಚಹಾ ಆರ್ತಿದೆ."

ನಗುತ್ತಾ ಇಳಿದಿದ್ದ. ಮತ್ತೆ ಹತ್ತಲೂ ಇಲ್ಲ, ತಂತಿ ಎಣಿಸಲೂ ಇಲ್ಲ.

ಭಾವ ಸತ್ತ ದಿನ ಅಂಗಳದಲ್ಲಿ ಬಿದ್ದಿದ್ದ ಹೆಂಚಿನ ಚೂರನ್ನು ಎತ್ತಿ ನೋಡಿದ್ದ. ತೂತಿನಲ್ಲಿ ತಂತಿ ಉಜ್ಜಿದ ಗುರುತೇ ಇರಲಿಲ್ಲ. ಅದನ್ನು ಅಕ್ಕನಿಗೆ ಇನ್ನೂ ಹೇಳಿರಲಿಲ್ಲ. ಇವತ್ತು ಹೇಳಲೇಬೇಕೆಂದು ಬಂದವನು ನೇರ ಏಣಿ ಹತ್ತಿ, ಹೊಸ ಹೆಂಚು ಕೂರಿಸಿ, ಕೈ ಕೆಳಗೆ ಚಾಚಿದ.

ಅಕ್ಕ ಕೊಟ್ಟದ್ದು ತುಕ್ಕು ಹಿಡಿದ ತಂತಿ.

"ಇದೆಲ್ಲಿತ್ತು?"

"ಕಿಟಕಿ ಚಿಲಕಕ್ಕೆ ಸುತ್ತಿದ್ದೆ. ಅವತ್ತು ನೀನು ಹೋದ್ಮೇಲೆ ಕಸ ಗುಡಿಸೋವಾಗ ಸಿಕ್ತು. ನಾನೇ ಒಂದು ಜಾಸ್ತಿ ಕತ್ತರಿಸಿರ್ಬೇಕು ಅಂದ್ಕೊಂಡೆ." ಅವಳು ಏಣಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದಳು. "ತಮ್ಮಂಗೆ ಒಂದ್ಮಾತು ಹೇಳೇ ಅಂದ್ರು ಇವ್ರು. ಹೇಗೂ ಬರ್ತಾನಲ್ಲ, ಆಗ ಹೇಳಿದ್ರಾಯ್ತು ಅಂದೆ. ನೀನು ಎಷ್ಟ್ ಸಲ ಬಂದೆ, ಎಷ್ಟ್ ಸಲ ಉಂಡು ಹೋದೆ. ನಂಗೆ ನೆನಪೇ ಆಗ್ಲಿಲ್ಲ ಕಣೋ."

"ಅಕ್ಕಾ, ಎಣಿಸ್ಬೇಕಾದವ್ನು ನಾನು."

"ಹೂಂ. ಕಟ್ಟು."

ಅವನು ತಂತಿ ಪೋಣಿಸಿ ಇಕ್ಕಳದಿಂದ ತಿರುಚಿದ. ಎರಡನೆಯ ಸುತ್ತಿಗೆ ಅದು ಪಟ್ಟೆಂದು ತುಂಡಾಯಿತು. ತುಂಡುಗಳನ್ನು ಜೇಬಿಗೆ ಹಾಕಿಕೊಂಡು, ಕಣ್ಣು ಒರೆಸಿಕೊಂಡ.

"ಎಷ್ಟು ಬೇಕು?" ಕೆಳಗಿನಿಂದ ಅಕ್ಕ ಕೇಳಿದಳು.

"ಒಂದು."

ಸುರುಳಿಯಿಂದ ಒಂದನ್ನು ಕತ್ತರಿಸಿ ಕೊಟ್ಟಳು. ಅವನು ಬಿಗಿದು ಮುಗಿಸುವವರೆಗೂ ಅಲ್ಲೇ ನಿಂತಿದ್ದು, ಆಮೇಲೆ ಏನೂ ಉಳಿದಿಲ್ಲವೆಂದು ತೋರಿಸಲು ಎರಡೂ ಅಂಗೈ ಬಿಡಿಸಿ ಮೇಲೆತ್ತಿ ಹಿಡಿದಳು.