ಕೊನೆಯ ತಿಂಗಳ ತಿನಿಸು

ದೋಣಿಯಲ್ಲಿ ಬಂದು ಹಂದಿ ಕೊಳ್ಳುವ ವ್ಯಾಪಾರಿ ದೋನ್ ಅಬೆಲಾರ್ದೊ ನಸಾರಿಯಾಳ ಹಂದಿಯನ್ನು ಅರ್ಧ ಬೆಲೆಗೆ ಒಯ್ದ. ನಿಮ್ಮೂರ ಹಂದಿಮಾಂಸ ಮೀನು ನಾರುತ್ತದೆ, ಪಟ್ಟಣದ ಕಟುಕರು ಬೇಡ ಅನ್ನುತ್ತಾರೆ ಎಂದ. ಆ ಹಂದಿಗೆ ಮೀನುಪುಡಿ ಬೆರೆಸಿದ ತಿನಿಸಿನ ಮೂಟೆ ಮಾರಿದವನೂ ಅವನೇ. ದೋಣಿ ಹತ್ತುವ ದಿನದವರೆಗೂ ಇದನ್ನೇ ಹಾಕು ಎಂದವನೂ ಅವನೇ.

ಆ ದುಡ್ಡಿನಲ್ಲಿ ನಸಾರಿಯಾ ಸೂರಿಗೆ ಹೊಸ ತಗಡು ಹೊದಿಸಬೇಕಿತ್ತು. ಚೊಕೊ ಕರಾವಳಿಯ ಮಳೆ ಯಾರಿಗೂ ಕಾಯುವುದಿಲ್ಲ. ಮಕ್ಕಳು ಹಾಸಿಗೆಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಎಳೆದಾಡುತ್ತಲೇ ಇದ್ದರು.

ಸಿಟ್ಟು ಬಂದಿತ್ತು, ನಿಜ. ಆದರೆ ಅವಳ ತಲೆ ಕೊರೆದದ್ದು ಬೇರೆಯೇ. ಅವನು ಹೇಳಿದ್ದು ಸುಳ್ಳೋ, ನಿಜವೋ? ಹೋದ ಹಬ್ಬದಲ್ಲಿ ಕಾಯಿಸಿಟ್ಟ ಹಂದಿಕೊಬ್ಬಿನ ಡಬ್ಬಿ ತೆರೆದು ಮೂಗಿಟ್ಟಳು. ಬೆರಳದ್ದಿ ನೆಕ್ಕಿದಳು. ಏನೂ ಗೊತ್ತಾಗಲಿಲ್ಲ.

"ಅತ್ತೆ, ಇದನ್ನೊಂಚೂರು ಮೂಸಿ ನೋಡಿ. ಮೀನು ವಾಸ್ನೆ ಬರತ್ತಾ?"

ಅತ್ತೆ ಪೆತ್ರೊನಿಲಾ ಮೂಸಿದಳು. "ಹಂದಿ ಹಂದಿ ಥರಾನೇ ಇದೆ. ಇನ್ನೇನು, ಮಲ್ಲಿಗೆ ಘಮ ಬರ್ಬೇಕಿತ್ತಾ? ಆ ದೋಣಿಯವನು ಬಾಯಿ ಬಿಟ್ರೆ ಸುಳ್ಳು."

ಅಷ್ಟರಲ್ಲಿ ಪಕ್ಕದ ಮನೆಯ ಎರ್ಲಿಂದಾ ಬಂದಳು. ನಸಾರಿಯಾಳ ಹಿರಿಮಗಳಿಗೆ ದೀಕ್ಷಾಸ್ನಾನದಲ್ಲಿ ಧರ್ಮತಾಯಿ ಆದವಳು, ಹಾಗಾಗಿ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ. ಹೊಳೆಯ ಮೇಲ್ದಂಡೆಯಲ್ಲಿ ಹುಟ್ಟಿ, ಕಡಲಂಚಿನ ಈ ಊರಿಗೆ ಸೊಸೆಯಾಗಿ ಬಂದವಳು. ಹಂದಿ ಸಾಕುವ ಹೆಂಗಸರ ಸಂಘದಲ್ಲಿ ತರಬೇತಿ ಪಡೆದವಳು.

"ಕೊಮಾದ್ರೆ, ನೀನಾದ್ರೂ ಹೇಳು. ನಾರತ್ತಾ?"

ಎರ್ಲಿಂದಾ ಡಬ್ಬಿಯ ಹತ್ತಿರವೂ ಬರಲಿಲ್ಲ. ಬಾಗಿಲಲ್ಲೇ ನಿಂತು ನಕ್ಕಳು. "ನಾರತ್ತೆ ಕಣೆ. ಮದುವೆಯಾಗಿ ಬಂದಾಗಿಂದ ನಿಮ್ಮ ಹಬ್ಬದ ಹಂದಿನ ಉಸಿರು ಬಿಗಿಹಿಡಿದು ನುಂಗ್ತಾ ಇದೀನಿ."

"ಇಷ್ಟು ವರ್ಷ ಬಾಯಿ ಬಿಡ್ಲಿಲ್ವಲ್ಲೇ ಮಾರಾಯ್ತಿ!"

"ನಿಮ್ಮತ್ತೆ ಎದುರಿಗೆ? ನಂಗೇನು ಬದುಕೋ ಆಸೆ ಇಲ್ವಾ?"

ಪೆತ್ರೊನಿಲಾ ಮುಖ ಗಂಟಿಕ್ಕಿದಳು. "ನಮಗ್ಯಾಕೆ ಗೊತ್ತಾಗಲ್ಲ ಹಾಗಾದ್ರೆ?"

"ನೀವು ಹುಟ್ಟಿದ್ದೇ ಮೀನಿನ ಬುಟ್ಟಿ ಪಕ್ಕ, ಅತ್ತೆ. ಮೂಗು ಒಗ್ಗಿಹೋಗಿದೆ. ಪಟ್ಟಣದವರ ಮೂಗು ಒಗ್ಗಿಲ್ಲ."

"ಅಲ್ಲ, ಮೀನು ತಿಂದೇ ಅಲ್ವಾ ಹಂದಿ ಬೆಳೆಯೋದು?" ಎಂದಳು ನಸಾರಿಯಾ.

"ಬೆಳೆಯೋವಾಗ ಹಾಕು, ಬೇಡ ಅನ್ನಲ್ಲ. ಎಳೇ ಹಂದಿಗೆ ಮೂಳೆ, ಮಾಂಸ ಕಟ್ಬೇಕು. ಮೀನಿನ ತಲೆ, ಕರುಳು ಚೆನ್ನಾಗಿ ಕುದಿಸಿ ಹಾಕು. ಹಸೀದು ಹಾಕಿದ್ರೆ ರೋಗ. ದೊಡ್ಡದಾದ್ಮೇಲೆ ಅದು ಕೊಬ್ಬು ಕೂಡಿಸೋ ಕಾಲ. ಆವಾಗ ತಿಂದ ಮೀನೆಣ್ಣೆ ಸೀದಾ ಹೋಗಿ ಕೊಬ್ಬಲ್ಲಿ ಕೂರತ್ತೆ. ಕಡಿಯೋಕೆ ಒಂದು ತಿಂಗಳ ಮೇಲೇ ಇರೋವಾಗ ಮೀನು ಪೂರ್ತಿ ನಿಲ್ಲಿಸ್ಬೇಕು."

"ಮತ್ತೇನು ಗಾಳಿ ತಿನ್ಸೋದಾ?" ಅತ್ತೆ ಕುಟುಕಿದಳು.

"ನಿಮ್ಮ ಹಿತ್ತಲಲ್ಲಿ ಏನಿಲ್ಲ ಹೇಳಿ? ಬಾಳೆಕಾಯಿ ಇದೆ. ಕೆಸವಿನ ಗೆಡ್ಡೆ ಇದೆ, ಬೇಯಿಸಿ ಹಾಕಿ, ಹಸೀದು ಗಂಟಲು ತುರಿಸತ್ತೆ. ಚೊಂತದೂರೊ ತಾಳೆಯ ಹಣ್ಣು ಉದುರಿ ಕೊಳೀತಿದೆ, ಅದನ್ನೂ ಬೇಯಿಸಿ. ಜೊತೆಗೊಂದಿಷ್ಟು ಬೆಂದ ಕಾಳು, ಸೊಪ್ಪು. ಒಂದೇ ಸಲ ಬದಲಾಯಿಸ್ಬೇಡಿ, ಹೊಟ್ಟೆ ಕೆಡತ್ತೆ. ವಾರವೆಲ್ಲ ಇದನ್ನ ಹೆಚ್ಚಿಸ್ತಾ, ಅದನ್ನ ಇಳಿಸ್ತಾ ಬನ್ನಿ. ತೊಟ್ಟೀಲಿ ಸದಾ ಶುದ್ಧ ನೀರಿರ್ಲಿ."

ಅತ್ತೆ ಎದ್ದು ನಿಂತಳು. ಈ ಊರಿನಲ್ಲಿ ಹಬ್ಬಕ್ಕೆ ಕಡಿಯುವ ಹಂದಿಗೆ ಕೊನೆಯ ದಿನಗಳಲ್ಲಿ ಬಲೆಗೆ ಬಿದ್ದ ಅತಿ ಕೊಬ್ಬಿದ ಮೀನಿನ ತಲೆಗಳನ್ನೇ ಉಣಿಸುವುದು ಪದ್ಧತಿ. ಅದು ಬೀಳ್ಕೊಡುಗೆಯ ಊಟ. "ಸಾಯೋ ಪ್ರಾಣಿಗೆ ಒಳ್ಳೇ ತುತ್ತು ಇಡ್ಬೇಡ ಅಂತೀಯಾ? ನನ್ನ ತಾಯಿ ಇಟ್ಟಿದ್ಲು, ನಾನೂ ಇಡ್ತೀನಿ. ಮೇಲ್ದಂಡೆಯವಳು ಬಂದು ನಂಗೆ ಹಂದಿ ಸಾಕೋದು ಹೇಳ್ಕೊಡ್ಬೇಕಾ!"

ಗೂಡಿನಲ್ಲಿ ಎರಡು ಹಂದಿ ಉಳಿದಿದ್ದವು. ಕಾರ್ಮೆನ್ ಮಾತೆಯ ಹಬ್ಬಕ್ಕೆ ಮೀಸಲಾಗಿದ್ದ ದೊಡ್ಡದಕ್ಕೆ ಅತ್ತೆ ಮೀನಿನ ತಲೆ ಉಣಿಸಿದಳು. ಮಾರಲು ಇಟ್ಟ ಚಿಕ್ಕದನ್ನು ನಸಾರಿಯಾ ಬೇರೆ ಗೂಡಿಗೆ ಹಾಕಿ, ಸದ್ಯ ಬೆಳೆಯುವ ತಿನಿಸನ್ನೇ ಕೊಟ್ಟಳು.

ಹಬ್ಬಕ್ಕೆ ಮೊದಲು ಅತ್ತೆ ಒಂಬತ್ತು ದಿನದ ಹರಕೆ ಹೊತ್ತು ಮೇಲ್ದಂಡೆಯ ಮಗಳ ಮನೆಗೆ ಹೋದಳು. ತನಗೆ ಪ್ರಾಣವಾದ ಮೀನನ್ನು ಅಷ್ಟೂ ದಿನ ಮುಟ್ಟುವುದಿಲ್ಲ ಎಂಬುದೇ ಹರಕೆ. ಅಲ್ಲಿ ಕಡಲಿಲ್ಲ, ಬಲೆಯಿಲ್ಲ, ಒಣಹಾಕಿದ ಮೀನೂ ಇಲ್ಲ.

ಹಬ್ಬದ ಬೆಳಿಗ್ಗೆ ದೋಣಿಯಿಳಿದು ಸೀದಾ ಅಡುಗೆಮನೆಗೆ ಬಂದಳು. ಒಲೆಯ ಮೇಲೆ ಮುಚ್ಚಿಟ್ಟ ಎರಡು ಪಾತ್ರೆ. ಒಂದರಲ್ಲಿ ತಮ್ಮ ಹಂದಿ, ಇನ್ನೊಂದರಲ್ಲಿ ಎರ್ಲಿಂದಾ ಮೀನು ನಿಲ್ಲಿಸಿ ಬಲಿಸಿ ಹಬ್ಬಕ್ಕೆಂದು ಕಡಿದ ಹಂದಿಯ ಪಾಲು. ಮೊದಲನೆಯದರ ಮುಚ್ಚಳ ಎತ್ತಿದ ಅತ್ತೆ ಹಿಂದಕ್ಕೆ ಸರಿದಳು.

"ಹಂದಿ ಪಾತ್ರೇಲಿ ಮೀನು ಬೇಯಿಸಿದ್ದು ಯಾರೇ?"

ನಸಾರಿಯಾ ಎರಡನೆಯ ಮುಚ್ಚಳ ತೆಗೆದಳು. ಅತ್ತೆ ಬಗ್ಗಿ ಮೂಸಿದಳು. ಮತ್ತೆ ಮೊದಲನೆಯದನ್ನು ಮೂಸಿದಳು. ಆಮೇಲೆ ಮಣೆಯ ಮೇಲೆ ಕುಳಿತಳು.

"ಚಿಕ್ಕದು ಬಲಿಯೋಕೆ ಶುರುವಾದ್ಮೇಲೆ ಚೊಂತದೂರೊ ನಾನೇ ಬೇಯಿಸ್ತೀನಿ," ಎಂದಳು ಕೊನೆಗೆ.

ಹಂದಿ ಸಾಕುವ ಅಕ್ಕತಂಗಿಯರೇ, ನಿಮ್ಮ ಗೂಡಿನ ಮುಂದೆ ನಿಂತು ನೀವೂ ಕೇಳಿಕೊಳ್ಳಿ: ಇದು ಬೆಳೆಯುವ ಹಂದಿಯೋ, ಕೊಬ್ಬಿ ಬಲಿಯುವ ಹಂದಿಯೋ? ಎರಡಕ್ಕೂ ಒಂದೇ ತಿನಿಸು ಸಲ್ಲದು. ಬೆಳೆಯುವುದಕ್ಕೆ ಮೈ ಕಟ್ಟುವುದನ್ನು ಕೊಡಿ. ಬಲಿಯುವುದಕ್ಕೆ ಹಿತ್ತಲಿನ ಗೆಡ್ಡೆ, ಕಾಯಿ, ಹಣ್ಣು ಕೊಡಿ, ಮೀನು ನಿಲ್ಲಿಸಿ. ಮುಸುರೆಯನ್ನು ಕುದಿಸದೆ ಹಾಕಬೇಡಿ. ಇನ್ನೊಂದು ಮಾತು. ತಿನಿಸು ಮಾರುವವನೂ ಹಂದಿ ಕೊಳ್ಳುವವನೂ ಒಬ್ಬನೇ ಆಗಿದ್ದರೆ, ಅವನು ಹೇಳಿದ್ದನ್ನು ಕಣ್ಣುಮುಚ್ಚಿ ನಂಬಬೇಡಿ. ಯಾಕೆ ಎಂದು ಕೇಳಿ. ಹತ್ತು ಹೆಂಗಸರು ಒಟ್ಟಾಗಿ ಕೇಳಿ.

ನಸಾರಿಯಾ ಕೇಳಿದ ದಿನ ದೋನ್ ಅಬೆಲಾರ್ದೊನ ದೋಣಿ ದಡಕ್ಕೆ ಒರಗಿತ್ತು. ಚಿಕ್ಕ ಹಂದಿ ಈಗ ಚಿಕ್ಕದಾಗಿರಲಿಲ್ಲ.

"ಒಂದು ತಿಂಗಳ ಮೇಲಾಯ್ತು, ಇದು ಮೀನು ಮೂಸೂ ನೋಡಿಲ್ಲ," ಎಂದಳು. "ಕೊನೆಯವರೆಗೂ ಮೀನುಪುಡಿ ಹಾಕು ಅಂದ್ರಲ್ಲ, ಯಾಕೆ ದೋನ್ ಅಬೆಲಾರ್ದೊ?"

"ನಿಮ್ಮೂರ ಹಂದಿ ಅಂದ್ಮೇಲೆ ಅರ್ಧವೇ ಕಣಮ್ಮ. ಮಾತು ಬೇಡ, ಮಳೆ ಬರ್ತಿದೆ. ಮೂಟೆ ಇಳಿಸ್ಕೋ, ಹಂದಿ ಹತ್ತಿಸು."

ಅವಳ ಬೆನ್ನ ಹಿಂದೆ, ಎರ್ಲಿಂದಾಳ ದೋಣಿಯಲ್ಲಿ, ಹಂದಿಯನ್ನು ತಾವೇ ಪಟ್ಟಣಕ್ಕೆ ಒಯ್ಯಲು ಸಂಘದ ಹೆಂಗಸರು ಆಗಲೇ ಕುಳಿತಿದ್ದರು. ಪಟ್ಟಣದ ಕಟುಕನ ಮುಂದೆಯೇ ಕಡಿದ ಹಂದಿಯ ಒಂದು ಚೂರು ಕೊಬ್ಬನ್ನು ಮುಚ್ಚಿಟ್ಟು ಬೇಯಿಸಿ ತೋರಿಸಲು ಅತ್ತೆ ಮಡಿಲಲ್ಲಿ ಪಾತ್ರೆ ಇಟ್ಟುಕೊಂಡಿದ್ದಳು.

ನಸಾರಿಯಾ ಹಂದಿಯ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

"ಮೂಟೆ ಇಳಿಸಲ್ಲ," ಎಂದಳು. "ಹಂದೀನೂ ಹತ್ತಿಸಲ್ಲ."