ಶನಿವಾರಕ್ಕೆ ಬೇಕಾದ ಮಂಚ

ತನ್ನ ಮಂಚಕ್ಕೆ ಸೊಸೆ ಟೇಪು ಹಿಡಿದು ಅಳೆಯುತ್ತಿದ್ದುದನ್ನು ದಾನವ್ವ ಕಣ್ಣಾರೆ ಕಂಡಳು.

"ಏನ್ ಮಾಡಾಕತ್ತಿ ವೈಶಾಲಿ?"

"ಏನಿಲ್ಲರಿ ಅತ್ತಿ, ಸುಮ್ನ." ವೈಶಾಲಿ ಟೇಪನ್ನು ಸರ್ರನೆ ಒಳಕ್ಕೆಳೆದುಕೊಂಡಳು.

ಸುಮ್ಮನೆ ಯಾರಾದರೂ ಮಂಚ ಅಳೆಯುತ್ತಾರೆಯೇ? ವಿಜಯಪುರದ ಕಿರಾಣಿ ಅಂಗಡಿಯಲ್ಲಿ ಕೂತು ಗಿರಾಕಿಗಳ ಮುಖ ಓದಿದವಳು ದಾನವ್ವ. ಚೆಂಬೂರಿನ ಮಗನ ಫ್ಲ್ಯಾಟಿನಲ್ಲಿದ್ದದ್ದು ಒಂದು ಹಾಲ್, ಒಂದು ಕೋಣೆ. ಹಾಲ್‌ನ ಮಂಚವಷ್ಟೇ ಅವಳ ಜಾಗ. ಅದು ಹೋಯಿತೆಂದರೆ ಪರೇಲಿನ ಮಗಳ ಮನೆಯೇ ಗತಿ.

ರಾತ್ರಿ ಊಟಕ್ಕೆ ಕೂತಾಗ ಮಗ ಅಮೋಲ್, "ಅವ್ವಾ, ಶನಿವಾರ ಮಾಟುಂಗದಾಗ ಭಜನಿ ಅದ ಅಲ್ಲ? ಸಂಜೀತನಕಾ ಆರಾಮ ಕೂತು ಬಾ" ಎಂದ.

"ನನ್ನ ಭಜನಿ ಚಿಂತಿ ನಿನಗ ಯಾವಾಗಿಂದ?"

ಅವನು ತಲೆ ತಗ್ಗಿಸಿ ರೊಟ್ಟಿ ಮುರಿದ. ಅವಳ ಅನುಮಾನ ಗಟ್ಟಿಯಾಯಿತು.

ಶನಿವಾರ ದಾನವ್ವ ಚೀಲ ಹಿಡಿದು ಹೊರಟವಳು ಸ್ಟೇಷನ್ನಿಗೆ ಹೋಗದೆ ಬಿಲ್ಡಿಂಗಿನ ವಾಚ್‌ಮನ್ ಪಕ್ಕದ ಬೆಂಚಿನ ಮೇಲೆ ಕೂತಳು. ಮೊದಲು ಒಬ್ಬ ಪ್ಲೈವುಡ್ ಹಲಗೆ ಹೊತ್ತು ಬಂದ. ಇನ್ನಿಬ್ಬರು ದೊಡ್ಡ ಚೀಲ ತಂದರು. ಎಲ್ಲರೂ ಅವಳ ಮನೆಯ ನಂಬರನ್ನೇ ಕೇಳಿದರು. ಮನೆ ಮಾರಿದ್ದಾರೆ, ಕೊಂಡವರು ಸಾಮಾನು ತರುತ್ತಿದ್ದಾರೆ ಎಂದುಕೊಂಡಳು. ಕೊನೆಗೆ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಹುಡುಗಿಯೊಬ್ಬಳು ಊರುಗೋಲಿನಲ್ಲಿ ಕುಂಟುತ್ತ ಲಿಫ್ಟ್ ಹತ್ತಿದಳು. ದಾನವ್ವನಿಗೆ ಇನ್ನು ತಡೆಯಲಾಗಲಿಲ್ಲ. ಹಿಂದೆಯೇ ಹೋದಳು.

ಹಾಲ್‌ನಲ್ಲಿ ಅವಳ ಮಂಚ ಇಟ್ಟಿಗೆಗಳ ಮೇಲೆ ಎತ್ತರಕ್ಕೆ ನಿಂತಿತ್ತು. ಗಾದಿ ಮೂಲೆಗೆ ಸೇರಿತ್ತು. ಮಂಚದ ಮೇಲೆ ಹಾಸಿದ ಪ್ಲೈವುಡ್ಡಿನ ಮೇಲೆ ಒಂದು ನಕ್ಷೆ, ಪುಟ್ಟ ಗೊಂಬೆಗಳು, ಬಣ್ಣಬಣ್ಣದ ದಾಳಗಳು.

"ಜೂಜ ಹಚ್ಚೀರೇನು ಮನ್ಯಾಗ?"

ಅಮೋಲ್ ಗಾಬರಿಯಿಂದ ಎದ್ದ. "ಜೂಜಲ್ಲ ಅವ್ವಾ. ಒಬ್ಬೊಬ್ಬರು ಒಂದೊಂದು ಪಾತ್ರ ಆಗಿ ಆಡೂ ಕಥಿ ಇದು. ಇಷ್ಟು ದಿನ ಗೆಳ್ಯಾರ ಮನ್ಯಾಗ ನೆಲದ ಮ್ಯಾಲ ಆಡತಿದ್ವಿ. ಈಗ ಕಾಲ ಮುರಕೊಂಡ ಈ ಪ್ರಣೀತಾಗ ಕೆಳಗ ಕೂಡ್ರಾಕ ಆಗಾಂಗಿಲ್ಲ. ಟೇಬಲ್ ತಂದ್ರ ಇಡಾಕ ಜಾಗಾ ಎಲ್ಲದ?"

"ನನ್ನ ಕೇಳಾಕ ಏನಾಗಿತ್ತು?"

"ಕೇಳಿದ್ರ ಬ್ಯಾಡ ಅಂತಿದ್ರಿ," ಎಂದಳು ವೈಶಾಲಿ ಮೆಲ್ಲಗೆ.

"ಅಂತಿದ್ನಿ. ಆಮ್ಯಾಲ ಕೊಡತಿದ್ನಿ."

ಆದರೂ ನಂಬಿಕೆ ಬರಲಿಲ್ಲ. ಯಾರ ಜೇಬಿನಿಂದ ದುಡ್ಡು ಹೊರಬರುತ್ತದೋ ನೋಡೋಣವೆಂದು ಒಂದು ಕುರ್ಚಿ ಎಳೆದುಕೊಂಡು ಕೂತಳು. ದುಡ್ಡು ಬರಲಿಲ್ಲ. ಅಮೋಲ್ ದನಿ ಬದಲಿಸಿ, ತುಂಬಿದ ಹೊಳೆಯ ದಂಡೆಯ ಅಂಬಿಗನಾದ. "ಬರ್ರಿ, ಪುಕ್ಕಟ ದಾಟಸ್ತೀನಿ," ಎಂದ. ಎಲ್ಲರೂ ತಮ್ಮ ಗೊಂಬೆಗಳನ್ನು ದೋಣಿಯತ್ತ ಸರಿಸತೊಡಗಿದರು.

"ತಡೀರಿ," ಎಂದಳು ದಾನವ್ವ. "ಪುಕ್ಕಟ ಯಾಕ ದಾಟಸ್ತಾನ ಅಂವ? ಮೊದಲ ಕೇಳ್ರಿ."

ಹೂಡಿದ್ದ ಮೋಸ ಬಯಲಾಗಿ ಅಮೋಲನ ಮುಖ ಸಪ್ಪಗಾಯಿತು. ಅದನ್ನು ನೋಡಿದವರು ತಕ್ಷಣ ಗೊಂಬೆಗಳನ್ನು ಹಿಂದಕ್ಕೆಳೆದುಕೊಂಡರು. ಪ್ರಣೀತಾ ನಗುತ್ತ, "ಆಂಟಿ, ಇಧರ್ ಬೈಠೋ, ನನ್ನ ಬಾಜೂಕ," ಎಂದು ಜಾಗ ಮಾಡಿಕೊಟ್ಟಳು.

ಎಲ್ಲರೂ ಹೋದ ಮೇಲೆ ಮಂಚ ಕೆಳಗಿಳಿಯಿತು. ದಾನವ್ವ ಬಗ್ಗಿ ನಾಲ್ಕೂ ಕಾಲು ಮುಟ್ಟಿ ನೋಡಿದಳು. ಒಂದಕ್ಕೆ ಇಟ್ಟಿಗೆ ಉಜ್ಜಿ ಗೀರು ಬಿದ್ದಿತ್ತು.

"ಇನ್ನಮ್ಯಾಲ ಇಟ್ಟಂಗಿ ಮ್ಯಾಲ ಗೋಣಿಚೀಲ ಹಾಕ್ರಿ," ಎಂದು ಹೇಳಿ ಗಾದಿ ಹಾಸಿಕೊಂಡಳು.